ಮ್ಯಾಡಿಸನ್ ಹೆಮಿಂಗ್ಸ್ ಹೇಳಿದ್ದು
ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಕುರಿತು ಇತಿಹಾಸಕಾರರಾದ ಆನೆಟ್ ಗಾರ್ಡನ್-ರೀಡ್ ಮಾಡಿದ ಕೆಲಸವನ್ನು ಮತ್ತೆ ಓದುತ್ತಿದ್ದೇನೆ. ಜೆಫರ್ಸನ್ನರ ಗುಲಾಮಗಿರಿಯಲ್ಲಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಕ್ಕಳಿಗೆ ಜೆಫರ್ಸನ್ನರೇ ತಂದೆಯೆಂದು 1802ರಲ್ಲಿ ರಿಚ್ಮಂಡಿನ ಪತ್ರಿಕೆಯೊಂದು ರಾಜಕೀಯ ಹಗೆಯಿಂದ ಅಚ್ಚು ಹಾಕಿತ್ತು. ಸ್ಯಾಲಿಯವರ ಮಗ ಮ್ಯಾಡಿಸನ್ 1873ರಲ್ಲಿ ಓಹಾಯೊದ ಪತ್ರಿಕೆಗೆ ಅದನ್ನೇ ನೇರವಾಗಿ ಹೇಳಿದ್ದರು. ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಬಹುಪಾಲು ವಿದ್ವಾಂಸರು ಜೆಫರ್ಸನ್ ಮೊಮ್ಮಕ್ಕಳ ನಿರಾಕರಣೆಯನ್ನು ನಂಬಿದರು, ಮಗನ ಮಾತನ್ನು ಬದಿಗಿಟ್ಟರು. ಕಾನೂನು ಓದಿದ ಗಾರ್ಡನ್-ರೀಡ್ 1997ರಲ್ಲಿ ಎರಡೂ ಕಡೆಯವರ ಸಾಕ್ಷ್ಯವನ್ನು ಒಂದೇ ತಕ್ಕಡಿಯಲ್ಲಿ ತೂಗಿ ತೋರಿಸಿದರು. ಮರುವರ್ಷದ ಡಿಎನ್‌ಎ ಪರೀಕ್ಷೆಯೂ ಜೆಫರ್ಸನ್ ವಂಶದ ಕಡೆಗೇ ಬೆರಳು ತೋರಿತು. ಇಷ್ಟನ್ನು ಬರೆಯುವಾಗ ನನ್ನ ಕೈಯೇ ಜೆಫರ್ಸನ್ನರಿಗೆ ‘ಅವರು’ ಎಂದೂ ಸ್ಯಾಲಿಗೆ ‘ಅವಳು’ ಎಂದೂ ಬರೆಯಲು ತಾನಾಗಿ ಹೊರಟಿತ್ತು. ಎರಡು ಸಲ ತಿದ್ದಬೇಕಾಯಿತು.