ಮ್ಯೂನಿಕ್‌ನ ಮೊದಲ ವಾರ: ಶನಿವಾರ ಸಂಜೆ ಇಳಿಯಬೇಡಿ

ಓದಲೋ ಕೆಲಸಕ್ಕೋ ಜರ್ಮನಿಯ ಮ್ಯೂನಿಕ್‌ಗೆ ಹೊರಟವರು ಟಿಕೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಶನಿವಾರ ಸಂಜೆ ತಲುಪುವ ವಿಮಾನ ಹಿಡಿಯಬೇಡಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅಂಗಡಿಗಳು ರಾತ್ರಿ 8ಕ್ಕೆ ಮುಚ್ಚುತ್ತವೆ, ಭಾನುವಾರ ಬಾಗಿಲು ತೆರೆಯುವುದೇ ಇಲ್ಲ. ಕಚೇರಿಗಳಿಲ್ಲ, ಬೀದಿಯಲ್ಲಿ ಜನವಿಲ್ಲ. ಬೆಂಗಳೂರಿನ ಗದ್ದಲ ಕಿವಿಯಲ್ಲಿ ಇನ್ನೂ ಮೊಳಗುತ್ತಿರುವಾಗ ಆ ನಿಶ್ಶಬ್ದಕ್ಕೆ ಬಿದ್ದವರಿಗೆ ಊರೇ ತಮ್ಮನ್ನು ದೂರ ಇಟ್ಟಂತೆ ಅನ್ನಿಸಿಬಿಡುತ್ತದೆ. ಸೋಮವಾರ ಅಥವಾ ಮಂಗಳವಾರ ಇಳಿದವರು ಕಾಣುವ ಮ್ಯೂನಿಕ್ ಬೇರೆಯೇ. ರಜೆಗಳನ್ನೂ ನೋಡಿಕೊಳ್ಳಿ: ಆಗಸ್ಟ್ 15 ಅಲ್ಲಿಯೂ ರಜೆ, ಮೇರಿ ಮಾತೆಯ ಹಬ್ಬಕ್ಕೆ, ಅಕ್ಟೋಬರ್ 3 ಮತ್ತು ನವೆಂಬರ್ 1 ಕೂಡ. ಭಾನುವಾರವೇ ಇಳಿಯಬೇಕಾಗಿ ಬಂದರೆ ವಿಮಾನ ನಿಲ್ದಾಣದ ಸೂಪರ್ ಮಾರ್ಕೆಟ್ ತೆರೆದಿರುತ್ತದೆ. ಹಾಲು, ಬ್ರೆಡ್, ಮೊಸರು, ಹಣ್ಣು ಅಲ್ಲೇ ಕೊಂಡು ಮುಂದೆ ಹೋಗಿ.

ಸೆಪ್ಟೆಂಬರ್ ಕೊನೆಗೆ ಹೋಗುವ ವಿದ್ಯಾರ್ಥಿಗಳಿಗೆ ಇನ್ನೊಂದು ಕಷ್ಟ. ಚಳಿಗಾಲದ ಸೆಮಿಸ್ಟರ್‌ಗೆ ಎಲ್ಲರೂ ಬಂದಿಳಿಯುವ ಹೊತ್ತಿಗೇ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆ ನಡೆಯುತ್ತಿರುತ್ತದೆ. ಹಾಸ್ಟೆಲ್ ಮಂಚದ ಬಾಡಿಗೆ ಕೂಡ ಹಲವು ಪಟ್ಟು ಏರಿರುತ್ತದೆ. ತಿಂಗಳುಗಳ ಮೊದಲೇ ಕಾಯ್ದಿರಿಸಿ, ಇಲ್ಲವೇ ಜಾತ್ರೆ ಶುರುವಾಗುವ ಮೊದಲು ತಲುಪಿ.

ವಿಮಾನ ನಿಲ್ದಾಣದಿಂದ ಊರಿಗೆ ಎಸ್1, ಎಸ್8 ಎಂಬ ಎರಡು ಲೋಕಲ್ ರೈಲುಗಳಿವೆ. ಮುಖ್ಯ ನಿಲ್ದಾಣವಾದ ಹಾಪ್ಟ್‌ಬಾನ್‌ಹೋಫ್‌ಗೆ ಎರಡರಲ್ಲೂ ಸುಮಾರು ಮುಕ್ಕಾಲು ಗಂಟೆ, ಯಾವುದು ಮೊದಲು ಬಂದರೆ ಅದನ್ನೇ ಹತ್ತಿ. ಟಿಕೆಟ್ ಎಂ-5 ವಲಯದ್ದಿರಬೇಕು. ಯಂತ್ರದಿಂದ ಬಂದ ಕಾಗದದ ಟಿಕೆಟ್ಟನ್ನು ಪ್ಲಾಟ್‌ಫಾರ್ಮಿಗೆ ಇಳಿಯುವ ಮುನ್ನ ಚಿಕ್ಕ ಪೆಟ್ಟಿಗೆಯೊಂದಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಆಗಲೇ ಬಿದ್ದಿದ್ದರೆ ಮಾತ್ರ ಬೇಡ. ದುಡ್ಡು ಕೊಟ್ಟು ಕೊಂಡವರೂ ಸಿಕ್ಕಿಬೀಳುವುದು ಇಲ್ಲೇ. ತಡೆಗೇಟು ಇರುವುದಿಲ್ಲ, ತಪಾಸಣೆಯವರು ಸಾಮಾನ್ಯ ಬಟ್ಟೆಯಲ್ಲಿರುತ್ತಾರೆ, ದಂಡ 60 ಯೂರೋ. ಊರಿಂದ ವಿಮಾನ ನಿಲ್ದಾಣಕ್ಕೆ ಎಸ್1ರಲ್ಲಿ ಹೋಗುವಾಗ ಇನ್ನೂ ಎಚ್ಚರ ಬೇಕು. ನಾಯ್‌ಫಾರ್ನ್ ನಿಲ್ದಾಣದಲ್ಲಿ ರೈಲು ಎರಡಾಗಿ ಒಂದು ಭಾಗ ಫ್ರೈಸಿಂಗ್ ಕಡೆ ಹೊರಟುಬಿಡುತ್ತದೆ. ಬೋಗಿಯ ಮೇಲಿನ ಫಲಕ ಓದಿಯೇ ಕೂರಿ.

ತಿಂಗಳಿಗೆ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ (2026ರ ಜನವರಿಯಿಂದ ಇದು ದರ) ಊರೊಳಗಿನ ರೈಲು, ಟ್ರಾಮ್, ಬಸ್ಸು ಮಾತ್ರವಲ್ಲ, ದೇಶದ ಎಲ್ಲ ಪ್ರಾದೇಶಿಕ ರೈಲುಗಳೂ ಸೇರುತ್ತವೆ. ಐಸಿಇ, ಐಸಿ ಎಂಬ ದೂರ ಪ್ರಯಾಣದ ವೇಗದ ರೈಲುಗಳಿಗೆ ಇದು ನಡೆಯದು. ಇದು ಪ್ರತಿ ತಿಂಗಳೂ ತಾನಾಗಿ ನವೀಕರಣವಾಗುವ ಚಂದಾ. ನಿಲ್ಲಿಸಬೇಕಿದ್ದರೆ ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು, 11ಕ್ಕೆ ನೆನಪಾದರೆ ಮುಂದಿನ ತಿಂಗಳ ಹಣವೂ ಹೋದಂತೆ.

ಮನೆ ತಲುಪಿದ ದಿನವೇ, ಪೆಟ್ಟಿಗೆ ಬಿಚ್ಚುವುದಕ್ಕೂ ಮೊದಲು, ಅಂಚೆ ಡಬ್ಬಿಯ ಮೇಲೆ ಮತ್ತು ಕರೆಗಂಟೆಯ ಪಕ್ಕ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಫ್ಲಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುವುದು. ಹೆಸರು ಕಾಣದಿದ್ದರೆ ಬ್ಯಾಂಕ್ ಕಾರ್ಡು, ವಿಮೆಯ ಕಾರ್ಡು, ತೆರಿಗೆ ಸಂಖ್ಯೆಯ ಪತ್ರ ಎಲ್ಲವೂ ಬಂದ ದಾರಿಗೇ ವಾಪಸ್ಸು. ನಮ್ಮವರು ಇಲ್ಲಿ ಮಾಡುವ ತಪ್ಪೊಂದಿದೆ: ಎಲ್ಲರೂ ಕರೆಯುವ ಹೆಸರನ್ನು ಬರೆದುಬಿಡುತ್ತಾರೆ. ಪಾಸ್‌ಪೋರ್ಟಿನ ಕುಲನಾಮದ ಜಾಗದಲ್ಲಿ ಅಪ್ಪನ ಹೆಸರಿರಲಿ, ಊರಿನ ಹೆಸರಿರಲಿ, ಪತ್ರ ಬರುವುದು ಆ ಹೆಸರಿಗೇ. ಅದನ್ನೇ ದೊಡ್ಡದಾಗಿ ಬರೆಯಿರಿ.

ನಂತರದ ಕೆಲಸ ವಿಳಾಸ ನೋಂದಣಿ, ಅಲ್ಲಿಯವರ ಮಾತಿನಲ್ಲಿ ಆನ್‌ಮೆಲ್ಡುಂಗ್. ಮನೆ ಸೇರಿದ ಎರಡು ವಾರದೊಳಗೆ ಮಾಡಬೇಕೆಂದು ಕಾನೂನಿದೆ. ಊರಿನ ಯಾವ ಬ್ಯೂರ್ಗರ್‌ಬ್ಯೂರೋದಲ್ಲಾದರೂ (ನಾಗರಿಕ ಸೇವಾ ಕಚೇರಿ) ಸರಿ. ದೊಡ್ಡದು ಪೋಚಿಸ್ಟ್ರಾಸೆ ಮೆಟ್ರೊ ನಿಲ್ದಾಣದ ಹತ್ತಿರ ರುಪ್ಪರ್ಟ್‌ಸ್ಟ್ರಾಸೆಯಲ್ಲಿದೆ. ಮುಂಗಡ ಸಮಯ ಸಿಗುವುದೇ ಕಷ್ಟ, ಆದ್ದರಿಂದ ಭಾರತದಲ್ಲಿರುವಾಗಲೇ ಆನ್‌ಲೈನ್‌ನಲ್ಲಿ ಹುಡುಕಲು ಶುರುಮಾಡಿ. ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇಕೇ ಬೇಕು. ಬಾಡಿಗೆ ಕರಾರು ಅದರ ಬದಲಿಗೆ ಸಾಲದು. ತಾತ್ಕಾಲಿಕ ಕೋಣೆ ಕೊಡುವ ಹಲವರು ಈ ಪತ್ರಕ್ಕೆ ಒಪ್ಪುವುದಿಲ್ಲ. ಅದಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆಯಿಲ್ಲ, ಎಷ್ಟೋ ಬ್ಯಾಂಕುಗಳಲ್ಲಿ ಖಾತೆಯೂ ಇಲ್ಲ. ಹಣ ಕೊಡುವ ಮುನ್ನ ಬರಹದಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತೇವೆ, ಮೊದಲು ಮುಂಗಡ ಹಾಕಿ ಎನ್ನುವವರು ಮೋಸಗಾರರೇ, ಅನುಮಾನವೇ ಬೇಡ.

ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ. ಟಿವಿ ಇಲ್ಲವೆಂದು ಮೂಲೆಗೆ ಎಸೆಯಬೇಡಿ, ಶುಲ್ಕ ಮನೆಗೆ, ಟಿವಿಗಲ್ಲ: ತಿಂಗಳಿಗೆ 18.36 ಯೂರೋ. ಜೊತೆಗಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಉತ್ತರಿಸಿದರೆ ಸಾಕು.

ಅಡುಗೆಯ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ಕುಕ್ಕರ್ ಹೊತ್ತು ಹೋಗಬೇಡಿ. ಇಂಡಕ್ಷನ್ ಒಲೆಯಿದ್ದರೆ ಅದು ಬಿಸಿಯೇ ಆಗುವುದಿಲ್ಲ. ಇಂಡಕ್ಷನ್‌ಗೆ ಒಗ್ಗುವ ಸ್ಟೀಲ್ ಕುಕ್ಕರ್, ಜೊತೆಗೆ ಒಂದು ಹೆಚ್ಚುವರಿ ಗ್ಯಾಸ್ಕೆಟ್ ಇರಲಿ. ಸಾರಿನ ಪುಡಿ, ಹುಳಿಪುಡಿಗೆ ತೊಂದರೆಯಿಲ್ಲ. ತುಪ್ಪ, ಪೇಡದಂಥ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಹೊರಗಿನಿಂದ ತರುವಂತಿಲ್ಲ; ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಪ್ಟ್‌ಬಾನ್‌ಹೋಫ್‌ನ ದಕ್ಷಿಣಕ್ಕೆ ಗೋಯ್ಟೆಸ್ಟ್ರಾಸೆ, ಲಾಂಡ್‌ವೇರ್‌ಸ್ಟ್ರಾಸೆ ಸುತ್ತಮುತ್ತ ತುರ್ಕಿ, ಅರಬ್ ಅಂಗಡಿಗಳಿವೆ. ಕೊತ್ತಂಬರಿ ಕಟ್ಟು, ಹಸಿಮೆಣಸಿನಕಾಯಿ, ಗಟ್ಟಿ ಮೊಸರು ಅಲ್ಲಿ ಸಿಗುತ್ತವೆ. ತೊಗರಿಬೇಳೆಗೆ, ಸೋನಾ ಮಸೂರಿಗೆ ಭಾರತೀಯ ಅಂಗಡಿಯೇ ಆಗಬೇಕು. ಅದು ಸಿಗುವ ತನಕ ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ಇರುವ ಕೆಂಪು ಮಸೂರ್ ಬೇಳೆಯಲ್ಲಿ ಸಾರು ಚೆನ್ನಾಗಿಯೇ ಆಗುತ್ತದೆ. ಚಿಕ್ಕ ಅಂಗಡಿಗಳಿಗೆ ಚಿಲ್ಲರೆ ನೋಟು ಇಟ್ಟುಕೊಳ್ಳಿ. ನೀರು ಕೊಳ್ಳಬೇಡಿ. ನಲ್ಲಿಯ ನೀರು ಬಹುಪಾಲು ಮಾಂಗ್‌ಫಾಲ್ ಕಣಿವೆಯದು, 1883ರಿಂದ ಊರಿಗೆ ಹರಿಯುತ್ತಿದೆ, ನೇರ ಕುಡಿಯಬಹುದು. ಗಡಸು ನೀರು, ಕೆಟಲಿನಲ್ಲಿ ಬಿಳಿ ಪದರ ಕಟ್ಟಿದರೆ ಗಾಬರಿ ಬೇಡ. ತಂಪು ಪಾನೀಯದ ಕ್ಯಾನು, ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಜಜ್ಜದೆ ಅಂಗಡಿಯ ಯಂತ್ರಕ್ಕೆ ಹಾಕಿ ಹಣ ಮರಳಿ ಪಡೆಯಿರಿ. ಜಜ್ಜಿದರೆ ಗುರುತು ಓದಲಾಗದೆ ಯಂತ್ರ ಹಿಂದಕ್ಕೆ ತಳ್ಳುತ್ತದೆ.

ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಪಾದಚಾರಿ ದಾರಿಯ ಪಕ್ಕದ ಪಟ್ಟಿ ಸೈಕಲ್ಲಿನವರದು. ಸೂಟ್‌ಕೇಸ್ ಎಳೆದುಕೊಂಡು ಅದರ ಮೇಲೆ ನಡೆದರೆ ಗುದ್ದಿಸಿಕೊಳ್ಳುವುದು ಖಂಡಿತ.

ಭಾರತದ ಸಿಮ್ ಕಾರ್ಡನ್ನು ರೋಮಿಂಗ್‌ನಲ್ಲಿ ಜೀವಂತವಾಗಿಡಿ, ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ. ಊರಿಗೆ ಫೋನ್ ಮಾಡುವಾಗ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಕೂಡಿಸಿ. ತುರ್ತಿಗೆ 112, ರಾತ್ರಿಯೋ ರಜೆಯ ದಿನವೋ ಜ್ವರದಂಥ ತುರ್ತಲ್ಲದ ಕಾಯಿಲೆಗೆ 116117.

ಇಷ್ಟು ಮುಗಿಸಿದ ಮೇಲೆ ಬರುವ ಭಾನುವಾರ ಕೋಣೆಯಲ್ಲಿ ಕೂರಬೇಡಿ. ಆಲ್ಟೆ ಪಿನಕೊಟೆಕ್ ಚಿತ್ರಶಾಲೆಗೆ ಭಾನುವಾರದ ಪ್ರವೇಶ ಶುಲ್ಕ 1 ಯೂರೋ. ಎದುರಿನ ನೊಯೆ ಪಿನಕೊಟೆಕ್ ದುರಸ್ತಿಗಾಗಿ ವರ್ಷಗಳಿಂದ ಮುಚ್ಚಿದೆ. ಅಲ್ಲಿನ ಆಯ್ದ ಚಿತ್ರಗಳನ್ನು ಆಲ್ಟೆಯಲ್ಲೇ ತೂಗುಹಾಕಿದ್ದಾರೆ, ವಾನ್ ಗೋನ ಸೂರ್ಯಕಾಂತಿ ಹೂಗಳೂ ಅವುಗಳಲ್ಲಿ ಸೇರಿವೆ.