ಹಳ್ಳ ದಾಟಲು ಜೀಪಿಗೆ ಕಟ್ಟಿದ ಸ್ನಾರ್ಕೆಲ್

ಸಕಲೇಶಪುರ ಕಡೆ ತೋಟ ಇರುವವರಿಗೆ ಹಳ್ಳ ದಾಟುವುದು ಹೊಸ ವಿಷಯ ಏನಲ್ಲ. ನಮ್ಮ ತೋಟದ ದಾರಿಗೂ ಒಂದು ಹಳ್ಳ ಅಡ್ಡ ಇದೆ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಆರಿದ್ರಾ ಮಳೆ ಹಿಡಿದರೆ ಮೊಣಕಾಲು ಮುಳುಗುತ್ತದೆ. ಪುನರ್ವಸು, ಪುಷ್ಯ ಬಂದರೆ ಸೊಂಟದ ತನಕ ನೀರು. ಕೆಲಸದವರು, ಗೊಬ್ಬರ, ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎಲ್ಲವೂ ಅದನ್ನು ದಾಟಿಯೇ ಹೋಗಬೇಕು.

ಹೋದ ಮಳೆಗಾಲದಲ್ಲಿ ಪಕ್ಕದ ತೋಟದವರ ಪಿಕಪ್ ಅದೇ ಹಳ್ಳದ ಮಧ್ಯೆ ಗಕ್ಕನೆ ನಿಂತಿತು. ಬಾನೆಟ್ ಮುಳುಗಿರಲಿಲ್ಲ. ಗಾಡಿ ಸ್ವಲ್ಪ ಜೋರಾಗಿ ಇಳಿದಿದ್ದರಿಂದ ಮುಂದೆ ಒಂದು ಅಲೆ ಎದ್ದು, ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕಿತ್ತು, ಅಷ್ಟೇ. ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಹೆಬ್ಬೆರಳಿನಷ್ಟು ದಪ್ಪದ ಉಕ್ಕು, ಬಿಲ್ಲಿನ ಹಾಗೆ ಬಾಗಿದ್ದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ.

ಡೀಸೆಲ್ ಎಂಜಿನ್ ಒಳಗೆ ಎಳೆದ ಗಾಳಿಯನ್ನು ಸುಮಾರು 20 ಪಟ್ಟು ಒತ್ತುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವುದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿದ್ದಾಗ ಪಿಸ್ಟನ್ ಮೇಲೆ ಬಂದರೆ ಏನೋ ಒಂದು ಬಗ್ಗಲೇಬೇಕು ಅಥವಾ ಒಡೆಯಲೇಬೇಕು. ನಮ್ಮದು ಹಳೇ ಮಹೀಂದ್ರ ಎಂಎಂ 540. 2112 ಸಿಸಿಯ ಪ್ಯೂಜೊ ಎಂಜಿನ್. ಅಪ್ಪ ತಂದ ಗಾಡಿ. ಅದಕ್ಕೆ ಆ ಗತಿ ಬರಬಾರದು, ಸ್ನಾರ್ಕೆಲ್ ಕಟ್ಟಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಮೃಗಶಿರಾ ಮಳೆ ಹುಟ್ಟುವ ಮೊದಲೇ ಒಂದು ಭಾನುವಾರ ನಾನು, ಚಿಕ್ಕಪ್ಪನ ಮಗ, ನಮ್ಮ ಕಾಯಂ ಮೆಕ್ಯಾನಿಕ್ ಮೂವರೂ ಶೆಡ್ಡಿನಲ್ಲಿ ಕೂತೆವು.

ಸ್ನಾರ್ಕೆಲ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಎಂಜಿನ್ ಉಸಿರಾಡುವ ಬಾಯನ್ನು ಬಾನೆಟ್ ಒಳಗಿಂದ ತೆಗೆದು ಟಾಪಿನ ಎತ್ತರಕ್ಕೆ ಒಯ್ಯುವುದು. ನಮ್ಮ ಜೀಪುಗಳ ಮೂಲ ಅಮೆರಿಕದ ವಿಲ್ಲಿಸ್ ಜೀಪು. ಅವನ್ನು 1944ರ ಜೂನ್‌ನಲ್ಲಿ ಯುದ್ಧಕ್ಕೆಂದು ಫ್ರಾನ್ಸಿನ ನಾರ್ಮಂಡಿಯ ದಡಕ್ಕೆ ಇಳಿಸುವಾಗಲೂ ಇದೇ ರೀತಿ ಉಸಿರಿನ ಕೊಳವೆ ಎತ್ತರಿಸಿದ್ದರು. ರೆಡಿಮೇಡ್ ಕೂಡ ಸಿಗುತ್ತದೆ. ಆದರೆ ಹಳೇ ಗಾಡಿಗೆ ಸರಿಯಾಗಿ ಕೂರುವಂಥದ್ದು ಸಿಗುವುದು ಕಷ್ಟ. ನಾವೇ ಮಾಡಿದರೆ ಪ್ರತಿ ಜಾಯಿಂಟೂ ನಮ್ಮ ಕಣ್ಣೆದುರು ಇರುತ್ತದೆ, ಅಲ್ವಾ?

ಮೊದಲು ಪೈಪಿನ ಅಳತೆ. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಈ ಎಂಜಿನ್ ಹತ್ತಿರ ಹತ್ತಿರ 2000 ಲೀಟರ್ ಗಾಳಿ ಎಳೆಯುತ್ತದೆ. ಪೈಪು ಸಣ್ಣದಾದರೆ ಗಾಡಿ ಏದುಸಿರು ಬಿಡುತ್ತದೆ, ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತದೆ. ಹಾಗಾಗಿ ಗಾಳಿ ಸೋಸುವ ಫಿಲ್ಟರ್ ಡಬ್ಬಿಯ ಬಾಯಿಗಿಂತ ಸ್ವಲ್ಪ ದೊಡ್ಡದಿರಲಿ ಅಂತ 75 ಎಂಎಂ ಪಿವಿಸಿ ಪೈಪು ತಂದೆವು. ಕಾಫಿ ತೋಟಕ್ಕೆ ನೀರು ಹಾಯಿಸಲು ತರುವ ದಪ್ಪ ಪೈಪೇ. ತಿರುವಿಗೆ 90 ಡಿಗ್ರಿ ಎಲ್ಬೋ ಬೇಡ, 45 ಡಿಗ್ರಿಯ ಎರಡು ಬೆಂಡ್ ಸೇರಿಸೋಣ ಅಂತ ಮೆಕ್ಯಾನಿಕ್ ಹಟ ಹಿಡಿದ. ಅವನು ಹೇಳಿದ್ದೇ ಸರಿ. ಗಾಳಿಗೂ ಮೊನಚು ತಿರುವು ಕಷ್ಟ. ಬಾನೆಟ್ ಒಳಗೆ ಮಾತ್ರ ಪಿವಿಸಿ ಹಾಕಲಿಲ್ಲ. ಎಂಜಿನ್ ಬಿಸಿಗೆ ಅದು ಮೆತ್ತಗಾಗುತ್ತದೆ. ಅಲ್ಲಿಗೆ ಲಾರಿಯ ಏರ್ ಹೋಸ್ ತುಂಡು ಕತ್ತರಿಸಿ ಹಾಕಿದೆವು. ಒಳಗೆ ತಂತಿ ಸುತ್ತಿರುವ ಹೋಸ್. ಸುಮ್ನೆ ರಬ್ಬರ್ ಹೋಸ್ ಹಾಕಿದರೆ ಎಳೆತಕ್ಕೆ ಮುದುಡಿಕೊಳ್ಳುತ್ತದೆ.

ಪೈಪು ಹೊರಗೆ ತರಲು ಜೀಪಿನ ಬಾಡಿಗೆ ತೂತು ಹೊಡೆಯುವಾಗ ಹೊಟ್ಟೆ ಚುರ್ ಅಂದಿದ್ದು ನಿಜ. ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಳಗೆ ಬ್ಯಾಟರಿ ವೈರು ಇಲ್ಲ ಅಂತ ಕೈ ಹಾಕಿ ನೋಡಿ, ಡ್ರಿಲ್ಲಿಗೆ ದುಂಡಗೆ ಕೊರೆಯುವ ಹೋಲ್ ಸಾ ಸಿಕ್ಕಿಸಿ ನಿಧಾನಕ್ಕೆ ಕೊರೆದೆವು. ಅಂಚಿಗೆ ಅರ ಹಾಕಿ ನಯ ಮಾಡಿ ರೆಡ್ ಆಕ್ಸೈಡ್ ಬಳಿದೆವು. ಬಳಿಯದೆ ಬಿಟ್ಟರೆ ನಮ್ಮ ಮಳೆಗೆ ಆ ಅಂಚೇ ಮೊದಲು ತುಕ್ಕು ಹಿಡಿಯುವುದು. ಮೇಲೆ ರಬ್ಬರ್ ಬೀಡಿಂಗ್.

ಜೀಪಿನ ಗಾಜಿನ ಫ್ರೇಮು ಕೆಳಗೆ ಕೀಲಿನ ಮೇಲೆ ನಿಂತಿರುವುದು. ಗಾಡಿ ಓಡುವಾಗ ಬಾಡಿ ಒಂದು ಥರ ನಡುಗಿದರೆ ಫ್ರೇಮು ಇನ್ನೊಂದು ಥರ ನಡುಗುತ್ತದೆ. ಪೈಪನ್ನು ಎರಡಕ್ಕೂ ಗಟ್ಟಿಯಾಗಿ ಬಿಗಿದರೆ ಪಿವಿಸಿ ಜಾಯಿಂಟು ಬಿರುಕು ಬಿಡದೆ ಇರುವುದಿಲ್ಲ. ಅದಕ್ಕೆ ಬಾಡಿಯಿಂದ ಹೊರಗೆ ಬಂದ ಕಡೆ ಗೇಣುದ್ದದ ರಬ್ಬರ್ ತುಂಡು ಕೊಟ್ಟು, ಎರಡೂ ಕೊನೆಗೆ ಹೋಸ್ ಕ್ಲಿಪ್ ಬಿಗಿದೆವು. ಮೇಲಿನ ಪೈಪನ್ನು ಫ್ರೇಮಿಗೆ ಕಬ್ಬಿಣದ ಪಟ್ಟಿಯಲ್ಲಿ ಕಟ್ಟಿದೆವು. ಹೀಗೆ ಮಾಡಿದ್ದರಿಂದ ಕ್ಲಿಪ್ ಸಡಿಲಿಸಿ ಮೇಲಿನ ಪೈಪು ಬಿಚ್ಚಿಡಬಹುದು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ. ನಾವು ತೋಟದ ದಾರಿಯಲ್ಲಿ ಮಾತ್ರ ಹಾಕುತ್ತೇವೆ. ರಸ್ತೆಯಲ್ಲಿ ಓಡಿಸುವವರು ಆರ್‌ಟಿಒದಲ್ಲಿ ಕೇಳಿಯೇ ಕೈ ಹಾಕಿ.

ಮೇಲಿನ ಬಾಯನ್ನು ಹಿಂದಕ್ಕೆ ತಿರುಗಿಸಿ ಕೆಳಗೆ ಬಾಗಿಸಿದೆವು. ಮಳೆ ನೇರ ಹೊಡೆಯುವುದಿಲ್ಲ, ಸಿಲ್ವರ್ ಓಕ್ ಎಲೆ ಸಿಕ್ಕಿಕೊಳ್ಳುವುದಿಲ್ಲ. ಬಾಯಿಗೆ ತಂತಿ ಜಾಲರಿ ಬೇಕೇ ಬೇಕು. ಇಲ್ಲದಿದ್ದರೆ ಗಾಡಿ ನಾಲ್ಕು ದಿನ ನಿಂತರೂ ಕಣಜ ಒಳಗೆ ಗೂಡು ಕಟ್ಟುತ್ತದೆ.

ಇಷ್ಟು ಮಾಡಿದ ಮೇಲೆ ನೋಡಲು ಗಾಡಿ ಚೆನ್ನಾಗೇ ಕಂಡಿತು. ಆದರೆ ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಸ್ನಾರ್ಕೆಲ್‌ಗೆ ಒಂದೇ ಪರೀಕ್ಷೆ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಮೇಲಿನ ಬಾಯನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಬೇಕು. ಎಂಜಿನ್ ಕೆಮ್ಮಿ ನಿಂತುಹೋಗಬೇಕು. ನಿಲ್ಲದೆ ಓಡುತ್ತಿದ್ದರೆ ಬೇರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಗಾಳಿ ಎಳೆಯುವ ಸಂದಿಯಲ್ಲಿ ನೀರೂ ಬರುತ್ತದೆ. ಚಿಕ್ಕಪ್ಪನ ಮಗ ಬಂಪರ್ ಮೇಲೆ ಹತ್ತಿ ಅಂಗೈ ಇಟ್ಟ. ಎಳೆತಕ್ಕೆ ಅಂಗೈ ಒಳಗೆ ಹೋಗುತ್ತಿದೆ ಅಂದ. ಆದರೂ ಎಂಜಿನ್ ಓಡುತ್ತಲೇ ಇತ್ತು.

"ಗೌಡ್ರೇ, ಪಂಚರ್ ಹುಡುಕೋ ಥರಾನೇ ಹುಡುಕ್ಬೇಕು" ಅಂದ ಮೆಕ್ಯಾನಿಕ್. ಎಂಜಿನ್ ಆಫ್ ಮಾಡಿ, ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಹೋಸಿನ ಕೊನೆ ಬಿಚ್ಚಿ ಟ್ಯೂಬು ಕಟ್ಟಿ ಮುಚ್ಚಿದೆವು. ಮೇಲಿನಿಂದ ಕಂಪ್ರೆಸರ್ ಗಾಳಿ ಮೆಲ್ಲಗೆ ಬಿಟ್ಟು ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿದೆವು. ನಾವು ಮಾಡಿದ ಜಾಯಿಂಟುಗಳಲ್ಲಿ ಒಂದು ಗುಳ್ಳೆಯೂ ಇಲ್ಲ. ಗುಳ್ಳೆ ಬಂದಿದ್ದು ಫಿಲ್ಟರ್ ಡಬ್ಬಿಯ ತಳದಲ್ಲಿ. ಒಳಗೆ ಸೇರಿದ ಧೂಳು, ನೀರು ಉದುರಿಹೋಗಲಿ ಅಂತ ಅಲ್ಲೊಂದು ರಬ್ಬರಿನ ಕೊಕ್ಕು ಇರುತ್ತದೆ. ವರ್ಷಗಳ ಬಿಸಿಗೆ ಅದು ಗಟ್ಟಿಯಾಗಿ, ತುಟಿ ಸೇರದೆ, ಉಗುರು ತೂರಿಸುವಷ್ಟು ಬಾಯಿ ಬಿಟ್ಟಿತ್ತು. ಹಳ್ಳಕ್ಕೆ ಇಳಿದಿದ್ದರೆ ಮೊದಲು ಮುಳುಗುವುದೇ ಆ ಜಾಗ. ಟಾಪಿನ ಎತ್ತರಕ್ಕೆ ಪೈಪು ಏರಿಸಿಯೂ ಏನೂ ಪ್ರಯೋಜನ ಆಗುತ್ತಿರಲಿಲ್ಲ. ಅದನ್ನು ಕಿತ್ತು ಗಟ್ಟಿ ಮುಚ್ಚಳ ಹಾಕಿ ಕ್ಲಿಪ್ ಬಿಗಿದೆವು. ಡಬ್ಬಿಯ ಮುಚ್ಚಳದ ವಾಷರ್ ಕೂಡ ಹೊಸದು ಹಾಕಿದೆವು. ಮತ್ತೆ ಸ್ಟಾರ್ಟ್ ಮಾಡಿ ಅಂಗೈ ಇಟ್ಟಾಗ ಎಂಜಿನ್ ಎರಡು ಸಲ ನಡುಗಿ ನಿಂತುಬಿಟ್ಟಿತು. ಗಾಡಿ ಆಫ್ ಆಗಿದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಸ್ನಾರ್ಕೆಲ್ ಹಾಕಿಸಿಕೊಂಡವರು ಎಷ್ಟೋ ಜನ ಈ ಪರೀಕ್ಷೆ ಮಾಡಿಯೇ ಇರುವುದಿಲ್ಲ. ಅದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಉಸಿರಾಡುವುದು ಎಂಜಿನ್ ಒಂದೇ ಅಲ್ಲ. ಹಿಂದಿನ, ಮುಂದಿನ ಆಕ್ಸಲ್‌ಗೂ ಬ್ರೀದರ್ ಇದೆ, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ತೂತು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆ ಸಣ್ಣ ತೂತಿನಿಂದ ನೀರು ಎಳೆದುಕೊಳ್ಳುತ್ತದೆ. ಆಮೇಲೆ ಆಯಿಲ್ ಇಳಿಸಿದರೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ. ಎರಡಕ್ಕೂ, ಗೇರ್‌ಬಾಕ್ಸಿಗೂ ಸಣ್ಣ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿದೆವು.

ಪುನರ್ವಸು ಮಳೆಯಲ್ಲಿ ಹಳ್ಳಕ್ಕೆ ಇಳಿದೆವು. ಮೊದಲು ಚಿಕ್ಕಪ್ಪನ ಮಗ ಕೋಲು ಊರಿಕೊಂಡು ನಡೆದು ನೋಡಿದ. ನೀರು ತೊಡೆಯ ತನಕ, ತಳದಲ್ಲಿ ಗಟ್ಟಿ ಜಲ್ಲಿ, ಸೆಳೆತ ಕಡಿಮೆ. ಮುಂದಿನ ಗ್ರಿಲ್ಲಿಗೆ ಟಾರ್ಪಾಲ್ ಕಟ್ಟಿದೆವು. ಫ್ಯಾನಿನ ರೆಕ್ಕೆ ನೀರಿಗೆ ಬಡಿದರೆ ಬಗ್ಗಿ ರೇಡಿಯೇಟರ್ ಸೀಳುತ್ತದೆ. ಫೋರ್ ವೀಲ್, ಲೋ ರೇಂಜ್, ಫಸ್ಟ್ ಗೇರ್. ನಡುವೆ ಕ್ಲಚ್ ಮುಟ್ಟಲಿಲ್ಲ. ಆಳು ನಡೆಯುವಷ್ಟೇ ವೇಗ. ಮುಂದೆ ಒಂದು ಸಣ್ಣ ಅಲೆ ತಳ್ಳಿಕೊಂಡು ಹೋದೆವು. ಆ ಅಲೆಯ ಹಿಂದೆ ಬಾನೆಟ್ ಪಕ್ಕ ನೀರು ತಗ್ಗುತ್ತದೆ. ಸೈಲೆನ್ಸರ್ ಮುಳುಗಿ ಗುಳುಗುಳು ಸದ್ದು. ಎಂಜಿನ್ ಓಡುತ್ತಿರುವ ತನಕ ಹೊಗೆಯ ಒತ್ತಡ ನೀರನ್ನು ಹೊರಗೇ ಇಡುತ್ತದೆ. ಆಚೆ ದಡದಲ್ಲಿ ಬ್ರೇಕ್ ಮೆಲ್ಲಗೆ ಒತ್ತುತ್ತಾ ಒಣಗಿಸಿಕೊಂಡು, ಫಿಲ್ಟರ್ ಬಿಚ್ಚಿ ಬೆರಳಾಡಿಸಿ ನೋಡಿದೆ. ಪೇಪರ್ ಗರಿಗರಿ ಒಣಗಿತ್ತು.

ಅದಾದ ಕೆಲವು ದಿನಕ್ಕೆ ಹಳ್ಳ ಕೆಂಪಗೆ ಉಕ್ಕಿ, ಮರದ ದಿಮ್ಮಿ ತೇಲಿಸಿಕೊಂಡು ಬಂತು. ಅವತ್ತು ಜೀಪು ಈಚೆ ದಡದಲ್ಲೇ ನಿಲ್ಲಿಸಿದೆವು. ಸ್ನಾರ್ಕೆಲ್ ಎಂಜಿನ್ನಿಗೆ ಉಸಿರು ಕೊಡುತ್ತದೆ, ಚಕ್ರಕ್ಕೆ ನೆಲ ಕೊಡುವುದಿಲ್ಲ. ಸೆಳೆತ ಜೋರಿದ್ದರೆ ಅರ್ಧ ಚಕ್ರದ ನೀರೂ ಗಾಡಿ ಎಳೆದೊಯ್ಯಬಹುದು.

ಈಗ ಪಕ್ಕದ ತೋಟದವರು ಅವರ ಪಿಕಪ್ಪಿಗೂ ಇಂಥದ್ದೇ ಮಾಡಿಕೊಡಿ ಅನ್ನುತ್ತಿದ್ದಾರೆ. ಅದು ಹೊಸ ಕಾಲದ ಗಾಡಿ. ಸೆನ್ಸರು, ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ ಇಸಿಯು ಎಲ್ಲ ಇದೆ. ಪೈಪು ಆಮೇಲೆ ನೋಡೋಣ ಅಣ್ಣ, ಮೊದಲು ಇಸಿಯು ಎಷ್ಟು ಎತ್ತರದಲ್ಲಿದೆ, ವೈರಿನ ಕನೆಕ್ಟರು ಎಲ್ಲೆಲ್ಲಿದೆ ಅಂತ ಅಳೆಯೋಣ ಅಂದಿದ್ದೇನೆ. ಮುಂದಿನ ಭಾನುವಾರ ಟೇಪು ಹಿಡಿದುಕೊಂಡು ಹೋಗಬೇಕು.