ಮುಳುಗಡೆಯಿಂದ ಬಂದ ಮಷಿನ್

ಹೊಲಿಗೆ ಮಷಿನ್ನಿನ ಚಕ್ರ ಅಲುಗಾಡಲೇ ಇಲ್ಲ. ಎರಡೂ ಕೈ ಹಚ್ಚಿ ತಿರುಗಿಸಿದೆ. ಕೂದಲೆಳೆಯಷ್ಟೂ ಸರಿಯಲಿಲ್ಲ. ಮಂಚದ ಮೇಲೆ ಕೂತಿದ್ದ ಅವ್ವ ಅಲ್ಲಿಂದಲೇ ಕೂಗಿದಳು: "ಜಗ್ಗಬ್ಯಾಡ ಅದನ್ನ. ಮುರದ್ರ ಮತ್ತ ಸಿಗೂದಿಲ್ಲ."

ಮಗಳ ಕುಬಸಕ್ಕೆ ಹದಿನೆಂಟು ದಿನ ಉಳಿದಿತ್ತು. ಸೀಮಂತಕ್ಕೆ ನಮ್ಮ ಕಡೆ ಕುಬಸ ಅಂತಲೇ ಹೆಸರು. ತವರಿನವರು ಬಸುರಿಗೆ ಖಣದ ಕುಬಸ ತೊಡಿಸಿ ಆರತಿ ಮಾಡಬೇಕು. ಗುಳೇದಗುಡ್ಡಕ್ಕೆ ಹೋಗಿ ಖಣ ತಂದಾಗಿತ್ತು, ಇಳಕಲ್ ಸೀರೆಯೂ ಬಂದಿತ್ತು. ನಮ್ಮ ಓಣಿಯಲ್ಲೇ ಹೊಲಿಯುವವರಿದ್ದಾರೆ, ಒಂದೇ ದಿನದಲ್ಲಿ ಹೊಲಿದು ಕೊಡುತ್ತಾರೆ. ಆದರೆ ನನ್ನ ಕುಬಸವನ್ನು ಅವ್ವ ಇದೇ ಮಷಿನ್ ಮೇಲೆ ಹೊಲಿದಿದ್ದಳು. ಮಗಳದ್ದೂ ಇದರ ಮೇಲೇ ಆಗಬೇಕು ಅಂತ ನನಗೆ ಬಹಳ ಆಸೆಯಿತ್ತು.

ಇದು ಕಾಲಿಂದ ತುಳಿಯುವ ಕರಿ ಸಿಂಗರ್. ಅವ್ವನ ಮದುವೆಯಲ್ಲಿ ಅಜ್ಜ ಯಾರದೋ ಕಡೆಯಿಂದ ಹಳೆಯದನ್ನೇ ಕೊಂಡು ಕೊಟ್ಟಿದ್ದು. ಬುಡದಲ್ಲಿ ಕೆತ್ತಿದ ನಂಬರು ಇಂಗ್ಲಿಷಿನ 'ಇ' ಅಕ್ಷರದಿಂದ ಶುರುವಾಗುತ್ತದೆ. ಅಂದರೆ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಹಳೇ ಬಾಗಲಕೋಟೆಯ ಮನೆ ಬಿಡಬೇಕಾಯಿತಲ್ಲ, ಆಗ ಬಾಗಿಲು, ತೊಲೆ, ಕಪಾಟು ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿದೆವು. ಮಷಿನ್ನಿನ ತಲೆಯನ್ನು ಮಾತ್ರ ಅವ್ವ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ನವನಗರಕ್ಕೆ ಬಂದಳು. 519.6 ಮೀಟರ್ ಅಂದರೆ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಮಟ್ಟಕ್ಕೆ ನೀರು ನಿಂತರೆ ಯಾರ ಮನೆ ಉಳಿಯುತ್ತದೆ, ಯಾರದು ಹೋಗುತ್ತದೆ ಅಂತ ಲೆಕ್ಕ ಹಾಕುತ್ತಲೇ ನಾವು ಬೆಳೆದೆವು.

ಹೊಸ ಮನೆಯಲ್ಲಿ ಅವ್ವ ಕೆಲ ವರ್ಷ ಹೊಲಿದಳು. ಆಮೇಲೆ ಕಣ್ಣು ಮಂಜಾಯಿತು. ನಾನು ಆಗೊಮ್ಮೆ ಈಗೊಮ್ಮೆ ದಿಂಬಿನ ಚೀಲ ಹೊಲಿಯುತ್ತಿದ್ದೆ. ಮಷಿನ್ ಎಣ್ಣೆ ಮುಗಿದಾಗ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಿಟ್ಟೆ. ಎಣ್ಣೆ ಎಣ್ಣೆಯೇ ಅಲ್ವಾ ಅಂದುಕೊಂಡಿದ್ದೆ. ಅದೇ ನಾನು ಮಾಡಿದ ತಪ್ಪು.

ಹಳೇ ಊರಿನ ಪೇಟೆಯಲ್ಲಿ ಮಷಿನ್ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆ. ಒಳಗಿನ ಸರಳುಗಳ ಮೇಲೆ ಬೆಲ್ಲದ ಪಾಕ ಒಣಗಿದಂಥ ಕಂದು ಬಣ್ಣದ ಅಂಟು ನೋಡಿದ ಕೂಡಲೇ ಕೇಳಿದರು: "ಕೊಬ್ಬರಿ ಎಣ್ಣಿ ಹಾಕೀರೇನ್ರಿ ಅಕ್ಕಾರ?" ಆ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ದಾರದ ಧೂಳು ಹಿಡಿದು ಮೇಣದ ಹಾಗೆ ಕೂರುತ್ತದೆ ಅಂದರು. ಅರ್ಧ ಬಾಟಲಿ ಚಿಮಣಿ ಎಣ್ಣೆ (ಸೀಮೆಎಣ್ಣೆ), ಒಂದು ಶೀಶೆ ತೆಳುವಾದ ಬಿಳಿ ಮಷಿನ್ ಎಣ್ಣೆ ಕೊಟ್ಟರು. "ಮಷಿನ್ ಕೆಟ್ಟಿಲ್ರಿ, ಹಿಡಕೊಂಡೈತಿ ಅಷ್ಟ. ಅವಸರ ಮಾಡಬ್ಯಾಡ್ರಿ." ಇದಿಷ್ಟು ಕೇಳಿದ ಮೇಲೆ ನನಗೆ ಜೀವ ಬಂತು.

ಒಲೆಯಿಂದ ದೂರ, ಪಡಸಾಲೆಯಲ್ಲಿ ಪೇಪರ್ ಹಾಸಿ ಕೂತೆ. ಮೊದಲು ಫೋಟೋ, ಆಮೇಲೆ ತಿರುಪು. ಬಿಚ್ಚಿದ ತಿರುಪುಗಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಇಟ್ಟೆ. ಮೇಲೆ ಎಣ್ಣೆ ಬಿಡುವ ತೂತುಗಳಿಗೆಲ್ಲ ಚಿಮಣಿ ಎಣ್ಣೆ ಹನಿ ಹನಿಯಾಗಿ ಬಿಟ್ಟೆ. ತಲೆಯನ್ನು ಹಿಂದಕ್ಕೆ ಮಗುಚಿ ಕೆಳಗಿನ ಕೀಲುಗಳಿಗೂ ಬಿಟ್ಟೆ. ಬೆಳಗ್ಗೆ ಎದ್ದು ಅಂಗಳದ ಬಿಸಿಲಿಗೆ ಇಟ್ಟೆ. ನಮ್ಮ ಬಿಸಿಲಿಗೆ ಕಬ್ಬಿಣ ಬಿಸಿಯಾದರೆ ಅಂಟು ಬೇಗ ಸಡಿಲಾಗುತ್ತದೆ. ಸಂಜೆಗೆ ಮತ್ತೆ ಎಣ್ಣೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಚಕ್ರ ಒಂದು ಬೆರಳಷ್ಟು ಸರಿಯಿತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಅಷ್ಟಕ್ಕೇ ಖುಷಿಯಾಗಿ ಜೋರು ಮಾಡಲಿಲ್ಲ. ಒಂದು ಬೆರಳು ಹಿಂದೆ, ಒಂದು ಬೆರಳು ಮುಂದೆ. ರಾತ್ರಿ ಹೊತ್ತಿಗೆ ಸೂಜಿ ಹಿಡಿಯುವ ಸರಳು ಮೇಲೆ ಕೆಳಗೆ ಆಡತೊಡಗಿತು. ಹತ್ತಿಯ ಬಟ್ಟೆಗೆ ಕಪ್ಪು ಮಸಿ ಬರುವುದು ನಿಲ್ಲುವ ತನಕ ಒರೆಸಿದೆ. ಚಿಮಣಿ ಎಣ್ಣೆ ತೊಳೆಯೋಕೆ ಮಾತ್ರ. ಅದು ಒಣಗಿದ ಮೇಲೆ ಕೀಲು ಬರಿದಾಗುತ್ತದೆ, ಮಷಿನ್ ಎಣ್ಣೆ ಹಾಕಲೇಬೇಕು.

ಸೂಜಿ ಇಳಿಯುವ ಜಾಗದ ತಟ್ಟೆ ತೆಗೆದರೆ ಕೆಳಗೆ ಹಲ್ಲುಗಳ ಸಂದಿಯಲ್ಲಿ ದಾರದ ಧೂಳು ಒತ್ತಿ ಒತ್ತಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಹಲ್ಲು ಮೇಲೆ ಬರದಿದ್ದರೆ ಬಟ್ಟೆ ಹೇಗೆ ಮುಂದೆ ಸರಿಯುತ್ತೆ? ದಬ್ಬಣದಿಂದ ಎಬ್ಬಿಸಿದಾಗ ಒಂದೇ ಗಡ್ಡೆಯಾಗಿ ಬಂತು. ಅವ್ವನ ಕೈಗೆ ಕೊಟ್ಟೆ. ಬೆರಳಲ್ಲಿ ಹಿಂಜಿದಳು. ಮೇಲೆ ನನ್ನ ದಿಂಬಿನ ಚೀಲದ ನೀಲಿ, ಒಳಗೆ ಕೆಂಪು. "ಇದು ಹಳೇ ಊರಾಗ ಹೊಲದದ್ದು" ಅಂದಳು. ಅದನ್ನು ಎಸೆಯಲು ಬಿಡಲಿಲ್ಲ, ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು.

ಮಷಿನ್ನಿನ ಮೈಯನ್ನು ಸ್ಪಿರಿಟ್‌ನಿಂದ ಒರೆಸಬೇಡಿ ಅಂತ ಚಾಚಾ ಮೊದಲೇ ಎಚ್ಚರಿಸಿದ್ದರು. ಬಂಗಾರದ ಬಣ್ಣದ ಬಳ್ಳಿ ಚಿತ್ರಗಳ ಮೇಲಿನ ಹೊಳಪು ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಮಷಿನ್ ಎಣ್ಣೆಯಲ್ಲೇ ಮೆತ್ತಗೆ ಒರೆಸಿದೆ. ಕೈ ಇಟ್ಟು ಇಟ್ಟು ಸವೆದ ಕಡೆ ಬಳ್ಳಿ ಹೋಗಿದೆ. ಅದು ಹಾಗೇ ಇರಲಿ.

ಎಲ್ಲ ಮತ್ತೆ ಜೋಡಿಸಿದೆ. ತುಳಿದೆ. ಚಕ್ರ ಗಿರ್ರನೆ ತಿರುಗಿತು, ಸೂಜಿ ಕದಲಲಿಲ್ಲ! ಎದೆ ಧಸಕ್ ಅಂತು. ಒಳಗೆ ಏನೋ ಮುರಿದಿದೆ ಅಂತ ಇಡೀ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಚಾಚಾಗೆ ಫೋನ್ ಮಾಡಿದರೆ ಒಂದೇ ಮಾತು: "ವಾಶರ್ ತಿರುವಿ ಹಾಕ್ರಿ."

ಚಕ್ರದ ನಡುವಿನ ದೊಡ್ಡ ತಿರುಪಿನ ಹಿಂದೆ ಮೂರು ಕಿವಿಗಳ ವಾಶರ್ ಇರುತ್ತದೆ. ಬಾಬಿನ್‌ಗೆ, ಅಂದರೆ ಕೆಳಗಿನ ದಾರದ ಸಣ್ಣ ಉರುಳೆಗೆ, ದಾರ ಸುತ್ತುವಾಗ ಈ ತಿರುಪು ಸಡಿಲ ಮಾಡುತ್ತೇವಲ್ಲ, ಆಗ ಚಕ್ರ ಮಾತ್ರ ತಿರುಗಿ ಸೂಜಿ ನಿಲ್ಲುತ್ತದೆ. ಬಿಗಿ ಮಾಡಿದರೆ ವಾಶರ್ ಚಕ್ರವನ್ನೂ ಒಳಗಿನ ದಂಡವನ್ನೂ ಕೂಡಿಸಿ ಹಿಡಿಯುತ್ತದೆ. ಅದನ್ನು ಎರಡು ರೀತಿ ಕೂರಿಸಬಹುದು, ಒಂದು ಮಾತ್ರ ಸರಿ. ತಪ್ಪಾಗಿ ಕೂತರೆ ದೊಡ್ಡ ತಿರುಪಿನ ಮೇಲಿನ ಸಣ್ಣ ತಿರುಪು ಕಿವಿಗೆ ತಡೆದು ದೊಡ್ಡದು ಪೂರ್ತಿ ಬಿಗಿಯಾಗುವುದೇ ಇಲ್ಲ. ನಾನು ಬಿಚ್ಚುವಾಗ ಎಲ್ಲದರ ಫೋಟೋ ತೆಗೆದಿದ್ದೆ, ಇದರದ್ದು ಬಿಟ್ಟಿದ್ದೆ. ಅರ್ಧ ಸುತ್ತು ತಿರುವಿ ಹಾಕಿದೆ. ಸೂಜಿ ಇಳಿಯಿತು. ಹಳೇ ಮಷಿನ್ ಬಿಚ್ಚುವವರು ಇದೊಂದನ್ನು ನೆನಪಿಡಿ.

ಚರ್ಮದ ಬೆಲ್ಟ್ ಹೊಸದು ತಂದೆ. ಜಾಸ್ತಿ ಉದ್ದ ಇರುತ್ತದೆ, ಸ್ವಲ್ಪ ಸ್ವಲ್ಪ ಕತ್ತರಿಸಿ ತಂತಿ ಕ್ಲಿಪ್ ಹಾಕಬೇಕು. ಸೂಜಿಯೂ ಹೊಸದು. ನಮ್ಮ ಮಷಿನ್‌ಗೆ ಚಪ್ಪಟೆ ಭಾಗ ಎಡಕ್ಕೆ, ದಾರ ಬಲದಿಂದ ಎಡಕ್ಕೆ ಪೋಣಿಸಬೇಕು. ಎಲಿಯಾಸ್ ಹೋವ್ ಅನ್ನುವವರು 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮಷಿನ್ನಿನಲ್ಲೂ ಹೀಗೇ ಮೊನೆಯ ಹತ್ತಿರ ಕಣ್ಣಿದ್ದ ಸೂಜಿ, ಬಟ್ಟೆಯ ಎರಡು ಕಡೆಯಿಂದ ಒಂದೊಂದು ದಾರ. ಎರಡೂ ದಾರ ಬಟ್ಟೆಯ ನಡುವೆ ಸಿಕ್ಕಿಕೊಂಡರೇನೇ ಅದು ಸರಿಯಾದ ಹೊಲಿಗೆ. ಕೆಳಗಿನ ದಾರದ ಬಿಗಿ ನೋಡಲು ಬಾಬಿನ್ ಕೇಸನ್ನು ದಾರದ ತುದಿ ಹಿಡಿದು ತೂಗಿಬಿಟ್ಟೆ. ತಾನೇ ಜಾರಲಿಲ್ಲ, ಕೈ ಕುಲುಕಿದಾಗ ಎರಡು ಬೆರಳು ಇಳಿದು ನಿಂತಿತು. ಹಾಗೇ ಇರಬೇಕು.

ಈಗ ದಿನಾ ಸಂಜೆ ಹಲ್ಲಿನ ಸಂದಿ ಬ್ರಶ್‌ನಿಂದ ಗುಡಿಸುತ್ತೇನೆ. ಬಾಬಿನ್ ಸುತ್ತ ಶಟಲ್ ಓಡುವ ಜಾಗಕ್ಕೆ ಒಂದೇ ಹನಿ ಎಣ್ಣೆ. ಆಮೇಲೆ ಹಳೇ ಬಟ್ಟೆಯ ಮೇಲೆ ಸುಮ್ನೆ ಒಂದು ಸಾಲು ಓಡಿಸಬೇಕು, ಇಲ್ಲದಿದ್ದರೆ ಮರುದಿನ ಒಳ್ಳೇ ಬಟ್ಟೆಗೆ ಕಲೆ.

ಖಣಕ್ಕೆ ಮುಂಚೆ ಹಳೇ ಲಂಗದ ತುಂಡಿನ ಮೇಲೆ ಹೊಲಿದು ನೋಡಿದೆ. ಮೇಲೆ ಕೆಂಪು ದಾರ, ಕೆಳಗೆ ಬಿಳಿ. ಅವ್ವನಿಗೆ ಕೊಟ್ಟೆ. ಕಣ್ಣ ಹತ್ತಿರ ಹಿಡಿದಳು. ಸರಿಯಾಗಿ ಕಾಣಲಿಲ್ಲವೇನೋ, ಉಗುರಿನಿಂದ ಹೊಲಿಗೆಯ ಉದ್ದಕ್ಕೂ ಗೀರಿದಳು.

"ಕೆಳಗಿನ ದಾರ ಮ್ಯಾಲ ಎದ್ದೈತಿ. ಮ್ಯಾಲಿಂದು ಬಿಗಿ ಆಗೇತಿ."

ನೋಡಿದರೆ ಹೌದು, ಕೆಂಪು ಸಾಲಿನ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕಿಗಳು. ಗೋಡೆ ಹಿಡಿದು ತಾನೇ ಎದ್ದು ಬಂದಳು. ನನ್ನನ್ನು ಕೇಳದೆ ದಾರದ ಬಿಗಿ ತಿರುಪಿಗೆ ಕೈ ಹಾಕಿ, ಕಣ್ಣು ಮುಚ್ಚಿ ಕಾಲು ಸುತ್ತು ಸಡಿಲ ಮಾಡಿದಳು. ನಾನು ತುಳಿದೆ. ಅವಳು ಮತ್ತೆ ಉಗುರು ಎಳೆದಳು. ಈ ಸಲ ಎಲ್ಲೂ ತಡೆಯಲಿಲ್ಲ.

"ಈಗ ಖಣ ತೊಗೊಂಡ ಬಾ" ಅಂದಳು.